ಆ ಕೆಮ್ಮು ಬರೀ ಕೆಮ್ಮಲ್ಲ!

ಚಳ್ಳಕೆರೆ ಬಸ್ ಸ್ಟ್ಯಾಂಡು. ಸೆಕೆಂಡ್ ಷೋಗೆ ಹೊರಟ ನಮ್ಮ ಗುಂಪಿನಲ್ಲಿ ಒಬ್ಬ ಬೀಡಿ ಹಚ್ಚಿದ, ಥೇಟ್ ಹೀರೋ ಸ್ಟೈಲಿನಲ್ಲಿ! ನಾನೂ ಕೈ ಚಾಚಿದೆ. ಮೊಳಕಾಲ್ಮೂರಿನ ಗೆಳೆಯ ತಡೆದ. "ಬೇಡ ಕಣೋ... ನಮ್ಮಪ್ಪನ್ನ ನೋಡಿದೀಯಲ್ಲ?"

ನೋಡಿದ್ದೆ. ರೇಷ್ಮೆ ಸೀರೆ ನೇಯುತ್ತ ದಿನಕ್ಕೆರಡು ಕಟ್ಟು ಬೀಡಿ ಸೇದುತ್ತಿದ್ದ ಮನುಷ್ಯ. ಕೆಮ್ಮು ಬಂತು. ಸಿರಪ್ಪು, ಕಷಾಯ ಎಲ್ಲಾ ಆಯಿತು. ಎಕ್ಸ್‌ರೇಯಲ್ಲಿ ಕಲೆ ಕಂಡಿತು. "ಟಿಬಿ ಇರಬೇಕು" ಅಂದರು ಒಬ್ಬ ಡಾಕ್ಟರು. ಕಫದಲ್ಲಿ ಟಿಬಿ ಕ್ರಿಮಿ ಸಿಗದಿದ್ದರೂ ಮೂರು ತಿಂಗಳು ಅದೇ ಮಾತ್ರೆ! ದನಿ ಒಡೆಯಿತು, ಮುಖ ಊದಿಕೊಂಡಿತು. ಕೊನೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ. ಸಿ.ಟಿ. ಸ್ಕ್ಯಾನ್ ಆಯಿತು. ಬಾಯಿಂದ ಶ್ವಾಸನಾಳಕ್ಕೆ ಸಣ್ಣ ಕೊಳವೆ ಇಳಿಸಿ ಗಡ್ಡೆಯ ಚೂರು ತೆಗೆದರು. ಮೈಕ್ರೋಸ್ಕೋಪು ಹೇಳಿದ್ದು ಎರಡೇ ಮಾತು: ಸ್ಮಾಲ್ ಸೆಲ್.

ಹೆಸರು ಸಣ್ಣದು, ವಿಲನ್ ದೊಡ್ಡವನು! ನೂರು ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇದು 10ರಿಂದ 15 ಮಾತ್ರ. ಆದರೆ ಓಟ ಭಾರೀ ಜೋರು. ಬಹುಪಾಲು ಜನರಲ್ಲಿ ಪತ್ತೆಯಾಗುವ ಹೊತ್ತಿಗೇ ಬೇರೆ ಅಂಗಗಳಿಗೆ ಹಬ್ಬಿರುತ್ತದೆ. ಇದಕ್ಕೆ ಬಲಿಯಾಗುವವರು ಹೆಚ್ಚುಕಮ್ಮಿ ಎಲ್ಲರೂ ಹೊಗೆ ಸೇದಿದವರೇ. ಕೀಮೋಥೆರಪಿಗೆ ಮೊದಲು ಬೇಗ ಕರಗುತ್ತದೆ, ಆಮೇಲೆ ಅನೇಕರಲ್ಲಿ ಮತ್ತೆ ಹೆಡೆಯೆತ್ತುತ್ತದೆ. ಗೆಳೆಯನ ತಂದೆಗೂ ಹಾಗೇ ಆಯಿತು. ಮಗ್ಗ ಈಗ ಸುಮ್ಮನಿದೆ.

ಶ್ವಾಸಕೋಶದ ಕ್ಯಾನ್ಸರಿಗೆ ಸ್ಟಾರುಗಳೂ ಒಂದೇ, ನಾವೂ ಒಂದೇ. 'ದಿ ಟೆನ್ ಕಮಾಂಡ್‌ಮೆಂಟ್ಸ್'ನ ಬೋಳುತಲೆಯ ಯೂಲ್ ಬ್ರಿನ್ನರ್ 1985ರಲ್ಲಿ ಹೋದರು. ಸತ್ತ ಮೇಲೆ ಟಿವಿಯಲ್ಲಿ ಬಂದ ಅವರ ಜಾಹೀರಾತು ಹೇಳಿದ್ದು ಒಂದೇ, ಸಿಗರೇಟು ಸೇದಬೇಡಿ! ಇನ್ನು ನಮ್ಮ ಅಪರ್ಣಾ... ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚೆಲುವೆ, ನಮ್ಮ ಮೆಟ್ರೋದ ಅಚ್ಚಗನ್ನಡದ ದನಿ. 2022ರ ಜುಲೈನಲ್ಲಿ ಪತ್ತೆಯಾದಾಗ ನಾಲ್ಕನೇ ಹಂತ. ವೈದ್ಯರು ಹೇಳಿದ್ದು ಆರು ತಿಂಗಳು ಎಂದರು ಪತಿ ನಾಗರಾಜ ವಸ್ತಾರೆ. ಆಕೆ ಎರಡು ವರ್ಷ ಹೋರಾಡಿ, 2024ರ ಜುಲೈ 11ರಂದು ಕಣ್ಮುಚ್ಚಿದರು.

ಅಭಿಮಾನಿ ಮಿತ್ರರೇ, ಬೀಡಿ ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುವುದುಂಟು. ಎರಡು ವಾರ ದಾಟಿದ ಕೆಮ್ಮನ್ನು ಯಾರೂ ಅಡಗಿಸಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಪುಕ್ಕಟೆ. ಅದರಲ್ಲಿ ಟಿಬಿ ಕಾಣದೆ, ಮಾತ್ರೆಗೂ ಕೆಮ್ಮು ಬಗ್ಗದಿದ್ದರೆ "ಸ್ಕ್ಯಾನ್ ಬೇಕಾ ಸಾರ್?" ಅಂತ ಬಾಯಿಬಿಟ್ಟು ಕೇಳಿ. ಕಫದಲ್ಲಿ ರಕ್ತ ಕಂಡರೆ ನಾಳೆ ಅನ್ನಬೇಡಿ, ಇವತ್ತೇ ಓಡಿ.

ಅವತ್ತು ನಾನು ಬೀಡಿ ಹಚ್ಚಲಿಲ್ಲ. ಉಳಿದ ಕಾಸಿಗೆ ಇಂಟರ್‌ವಲ್‌ನಲ್ಲಿ ಇಬ್ಬರೂ ಕಡಲೆಕಾಯಿ ತಿಂದೆವು.