ಅಧಿಕಾರದ ಕಿವಿ, ಹಣದ ಮಾತು

ಬೀದರ ನಗರದ ಹಳೆಯ ಪೇಟೆಯಲ್ಲಿ, 1472ರಲ್ಲಿ ನಿರ್ಮಿತವಾಗಿ ಇಂದಿಗೂ ತನ್ನ ಗಾಂಭೀರ್ಯವನ್ನು ಕಳೆದುಕೊಳ್ಳದೆ ನಿಂತಿರುವ ಮದರಸಾವನ್ನು ಕಂಡವರು, ಅದನ್ನು ಕಟ್ಟಿಸಿದ ಮಹಮೂದ್ ಗಾವಾನನ ಅಂತ್ಯವನ್ನು ನೆನೆಯದೆ ಇರಲಾರರು. ಆ ಸಮರ್ಥ ಮಂತ್ರಿಯ ಏಳಿಗೆಯನ್ನು ಸೈರಿಸದ ಆಸ್ಥಾನದ ಪಂಗಡವೊಂದು, ಆತನ ಮುದ್ರೆ ಕಾಯುತ್ತಿದ್ದವನನ್ನು ಒಲಿಸಿಕೊಂಡು ಬರಿಯ ಕಾಗದಕ್ಕೆ ಮುದ್ರೆಯೊತ್ತಿಸಿ, ಅದರ ಮೇಲೆ ರಾಜದ್ರೋಹದ ಪತ್ರವನ್ನು ಬರೆಸಿ ಸುಲ್ತಾನನಿಗೆ ಒಪ್ಪಿಸಿತು. 1481ರಲ್ಲಿ ಸುಲ್ತಾನನು ಸರಿಯಾದ ವಿಚಾರಣೆಯಿಲ್ಲದೆ ಆ ವೃದ್ಧನ ಶಿರಚ್ಛೇದ ಮಾಡಿಸಿದನು. ಪ್ರಭುವಿನ ಕಿವಿಯಲ್ಲಿ ಗುಟ್ಟಾಗಿ ಆಡಿದ ಮಾತು, ಅದಕ್ಕೆ ಪ್ರತ್ಯುತ್ತರ ಕೊಡಬೇಕಾದವರಿಗೆ ಕೇಳಿಸದೆ ಹೋದರೆ ರಾಜ್ಯಕ್ಕೆ ಒದಗುವ ಹಾನಿಯನ್ನು ನಮ್ಮ ನಾಡು ಅಂದೇ ಕಂಡುಂಡಿದೆ.

ಇಂದು ಪ್ರಭುತ್ವವು ಪ್ರಜೆಗಳದು. ಆದರೂ ಧನವು ಅಧಿಕಾರವನ್ನು ಸಮೀಪಿಸುವ ಮಾರ್ಗಗಳು ಎರಡುಂಟು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳತಕ್ಕದ್ದು. ಚುನಾವಣೆ ಘೋಷಿತವಾದೊಡನೆ, ನೆರೆರಾಜ್ಯಗಳ ಎಲ್ಲೆಗೆ ಹತ್ತಿಕೊಂಡಿರುವ ಔರಾದ, ಭಾಲ್ಕಿ ತಾಲ್ಲೂಕುಗಳ ರಸ್ತೆಗಳಲ್ಲಿ ಚೆಕ್‌ಪೋಸ್ಟ್‌ಗಳು ಏಳುತ್ತವೆ. 50,000 ರೂಪಾಯಿಗೆ ಮೀರಿದ ನಗದನ್ನು ಒಯ್ಯುವವನು, ಎತ್ತು ಮಾರಿ ಊರಿಗೆ ಮರಳುವ ರೈತನೇ ಆಗಿದ್ದರೂ, ಅದಕ್ಕೆ ದಾಖಲೆ ತೋರಿಸಬೇಕಾಗುತ್ತದೆ. ವಿಧಾನಸಭೆಯ ಅಭ್ಯರ್ಥಿ 40 ಲಕ್ಷಕ್ಕಿಂತಲೂ ಲೋಕಸಭೆಯ ಅಭ್ಯರ್ಥಿ 95 ಲಕ್ಷಕ್ಕಿಂತಲೂ ಹೆಚ್ಚು ವೆಚ್ಚ ಮಾಡಕೂಡದು. ಫಲಿತಾಂಶ ಬಂದ 30 ದಿನಗಳೊಳಗೆ ಲೆಕ್ಕ ಒಪ್ಪಿಸತಕ್ಕದ್ದು. ಈ ಎಚ್ಚರವೆಲ್ಲವೂ ಅವಶ್ಯಕವೇ. ಆದರೆ ಅಭ್ಯರ್ಥಿಗೆ ಹಾಕಿದ ಮಿತಿಯು ಆತನ ಪಕ್ಷಕ್ಕೆ ಇಲ್ಲ. ಮತದಾನ ಮುಗಿದು ಚೆಕ್‌ಪೋಸ್ಟ್‌ಗಳನ್ನು ಕಿತ್ತ ಮೇಲೆ, ಐದು ವರ್ಷಗಳ ಕಾಲ ಸದ್ದಿಲ್ಲದೆ ನಡೆಯುವ ಎರಡನೆಯ ಬಗೆಯ ಪ್ರಭಾವಕ್ಕಂತೂ ಕಾವಲೇ ಇಲ್ಲ.

ಆ ಎರಡನೆಯದನ್ನು ಅರಿಯಲು ಸೋಯಾಬೀನಿನ ಧಾರಣೆಯನ್ನು ವಿಚಾರಿಸಿದರೆ ಸಾಕು. ಕರ್ನಾಟಕದಲ್ಲಿ ಈ ಬೆಳೆಗೆ ಬೀದರ ಜಿಲ್ಲೆಯೇ ಪ್ರಧಾನ. ಭಾಲ್ಕಿ, ಔರಾದಗಳ ಒಣಬೇಸಾಯದ ರೈತನ ವರ್ಷದ ಬಾಳು ಬಹುಮಟ್ಟಿಗೆ ಇದನ್ನೇ ನೆಚ್ಚಿದೆ. 2024ರಲ್ಲಿ ಕ್ವಿಂಟಲಿಗೆ 4,892 ರೂಪಾಯಿ ಬೆಂಬಲ ಬೆಲೆ ಘೋಷಿತವಾಗಿದ್ದರೂ ದೇಶದ ಅನೇಕ ಮಾರುಕಟ್ಟೆಗಳಲ್ಲಿ ಧಾರಣೆ ಅದಕ್ಕಿಂತ ಕೆಳಗಿತ್ತು. ಆಮದು ಎಣ್ಣೆಯ ಬೆಲೆಯು ಸೋಯಾಬೀನಿನ ಧಾರಣೆಯನ್ನೂ ತಟ್ಟುತ್ತದೆ. ಆ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಕಚ್ಚಾ ಖಾದ್ಯ ತೈಲಗಳ ಮೂಲ ಆಮದು ಸುಂಕವನ್ನು ಶೇ 20ಕ್ಕೆ ಏರಿಸಿತು. 2025ರ ಮೇ ತಿಂಗಳ ಕೊನೆಗೆ ಅದನ್ನು ಶೇ 10ಕ್ಕೆ ಇಳಿಸಿತು. ಗ್ರಾಹಕನಿಗೆ ಎಣ್ಣೆ ಅಗ್ಗವಾಗಬೇಕೆಂಬುದು ಸರ್ಕಾರ ಕೊಟ್ಟ ಕಾರಣ. ಕಚ್ಚಾ ಎಣ್ಣೆಗೂ ಶುದ್ಧೀಕರಿಸಿದ ಎಣ್ಣೆಗೂ ಇರುವ ಸುಂಕದ ಅಂತರ ಹೆಚ್ಚಬೇಕೆಂದು ಎಣ್ಣೆ ಉದ್ಯಮದ ಸಂಘಗಳೂ ಬಹಿರಂಗವಾಗಿಯೇ ಕೇಳುತ್ತ ಬಂದಿದ್ದವು. ಇದರಲ್ಲಿ ಅಕ್ರಮವೇನೂ ಇಲ್ಲ. ಸೋಯಾಬೀನಿನ ಬೆಲೆಗೆ ಹಿಂಡಿಯ ಬೇಡಿಕೆ ಮೊದಲಾದ ಅನ್ಯ ಕಾರಣಗಳೂ ಉಂಟು. ಆದರೆ ಉದ್ಯಮಕ್ಕೆ ಮುಂಬಯಿಯಲ್ಲಿ ಕಚೇರಿಯಿದೆ, ಅಂಕಿಅಂಶ ಸಿದ್ಧಪಡಿಸುವ ಪರಿಣತರಿದ್ದಾರೆ, ದಿಲ್ಲಿಗೆ ಹೋಗಿಬರುವ ಸಾಮರ್ಥ್ಯವಿದೆ. ರೈತನಿಗಾದರೋ ಸುಂಕ ಬದಲಾದ ಸುದ್ದಿಯು ಬೀದರಿನ ಗಾಂಧಿಗಂಜಿನ ಅಡತ್ ಅಂಗಡಿಯಲ್ಲಿ, ಚೀಲ ಇಳಿಸಿದ ಮೇಲೆ ಧಾರಣೆಯ ರೂಪದಲ್ಲಿ ತಿಳಿಯುತ್ತದೆ. ಹಣದ ಅತ್ಯಂತ ದೊಡ್ಡ ಫಲವೆಂದರೆ ತನ್ನ ಅಹವಾಲನ್ನು ಮೊದಲು ಕೇಳಿಸಿಕೊಳ್ಳುವಂತೆ ಮಾಡಬಲ್ಲ ಈ ಸಾಮೀಪ್ಯವೇ ಆಗಿದೆ.

ಲಾಬಿ ಎಂದು ಜನ ಕರೆಯುವುದು ಇದನ್ನೇ. ಆಳುವವರ ಮುಂದೆ ಅಹವಾಲು ಹೇಳಿಕೊಳ್ಳುವುದು ಸ್ವತಂತ್ರ ಪ್ರಜೆಯ ಹಕ್ಕು. ಅದನ್ನು ನಿಷೇಧಿಸುವುದು ಸಾಧುವೂ ಅಲ್ಲ, ಸಾಧ್ಯವೂ ಅಲ್ಲ. ಯಾರು, ಯಾರ ಪರವಾಗಿ, ಎಷ್ಟು ವೆಚ್ಚ ಮಾಡಿ ಹೇಳಿಕೊಂಡರೆಂಬುದು ಮಾತ್ರ ಪ್ರಕಟವಾಗಬೇಕು. ಅಮೆರಿಕದಲ್ಲಿ 1995ರ ಕಾಯಿದೆಯು ಇದನ್ನು ಕಡ್ಡಾಯಗೊಳಿಸಿದೆ. 2012ರಲ್ಲಿ ವಾಲ್‌ಮಾರ್ಟ್ ಕಂಪನಿಯು ಆ ಕಾಯಿದೆಯನ್ವಯ ಅಲ್ಲಿ ಸಲ್ಲಿಸಿದ ವಿವರಗಳಲ್ಲಿ ಭಾರತದ ಮಾರುಕಟ್ಟೆಯ ಪ್ರಸ್ತಾಪವೂ ಕಂಡುಬಂದು, ನಮ್ಮ ಸಂಸತ್ತಿನಲ್ಲಿ ಕೋಲಾಹಲವೆದ್ದಿತು. ನಮ್ಮಲ್ಲಿ ಅಂಥ ಕಾಯಿದೆ ಇಂದಿಗೂ ಇಲ್ಲ.

ಪಕ್ಷಗಳ ವಂತಿಗೆಯ ಕಥೆಯೂ ಗೋಪ್ಯತೆಯ ಕಥೆಯೇ. 1957ರಲ್ಲಿ ಟಾಟಾ ಉಕ್ಕಿನ ಕಂಪನಿಯು ಪಕ್ಷಗಳಿಗೆ ಹಣ ಕೊಡಲು ಅನುಮತಿ ಕೋರಿದಾಗ, ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರು ಕಾನೂನಿನಂತೆ ಅದನ್ನು ಒಪ್ಪಿದರೂ, ಈ ಪದ್ಧತಿಯು ಬೆಳೆದು ಪ್ರಜಾಪ್ರಭುತ್ವದ ಉಸಿರನ್ನೇ ಕಟ್ಟೀತೆಂದು ಎಚ್ಚರಿಸಿದ್ದರು. 1969ರಲ್ಲಿ ಕಂಪನಿ ವಂತಿಗೆಗೆ ನಿಷೇಧ ಬಂದಿತು. 1985ರಲ್ಲಿ ಅದು ತೆರವಾಯಿತು. 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡುಗಳು ಕೊಟ್ಟವರ ಹೆಸರನ್ನು ಮತದಾರನಿಂದ ಮರೆಮಾಡಿದವು. ಹಣಕ್ಕೂ ನೀತಿಗೂ ಇರಬಹುದಾದ ಸಂಬಂಧವನ್ನು ಅರಿಯುವುದು ಮತದಾರನ ಹಕ್ಕೆಂದು ಸುಪ್ರೀಂ ಕೋರ್ಟು 2024ರ ಫೆಬ್ರವರಿ 15ರಂದು ಅವನ್ನು ರದ್ದುಗೊಳಿಸುವ ಹೊತ್ತಿಗೆ, 16,000 ಕೋಟಿ ರೂಪಾಯಿಗೂ ಮಿಕ್ಕ ಬಾಂಡುಗಳು ಮಾರಾಟವಾಗಿದ್ದವು.

ಸಾರ್ವಜನಿಕ ಚರ್ಚೆಯೂ ಈ ಸೋಂಕಿಗೆ ಹೊರತಲ್ಲ. ಜಾಹೀರಾತು ಸುದ್ದಿಯ ವೇಷ ಧರಿಸಿ ಬಂದಾಗ, ಓದುಗನು ಮತ್ತೊಬ್ಬರ ಹಿತವನ್ನು ತನ್ನ ಅಭಿಪ್ರಾಯವೆಂದೇ ನಂಬಿಬಿಡುತ್ತಾನೆ. ಈ ಕಾಸಿಗಾಗಿ ಸುದ್ದಿಯ ಮೇಲೆ ಕಣ್ಣಿಡಲು ಚುನಾವಣೆಯ ಕಾಲದಲ್ಲಿ ಪ್ರತಿ ಜಿಲ್ಲೆಯಲ್ಲಿಯೂ ಸಮಿತಿಯಿರುತ್ತದೆ. ಅನಂತರದ ದಿನಗಳಿಗೆ ಓದುಗನ ವಿವೇಕವೊಂದೇ ಗತಿ.

ಆದುದರಿಂದ ನಮ್ಮ ಪ್ರತಿನಿಧಿಗಳನ್ನು ನಾವು ಕೇಳಬೇಕಾದುದು ಸ್ಪಷ್ಟವಾಗಿದೆ. ಬೆಳೆ, ಸುಂಕ, ನೀರು, ಭೂಮಿಗಳ ವಿಷಯದಲ್ಲಿ ಮಂತ್ರಿಗಳಿಗೆ ಸಲ್ಲಿಸಿದ ಮನವಿಗಳು ಪ್ರಕಟವಾಗಲಿ. ಅವರನ್ನು ಕಂಡವರ ಹೆಸರುಗಳು ನಮೂದಾಗಲಿ. ಪಕ್ಷದ ವೆಚ್ಚಕ್ಕೂ ಮಿತಿಯಿರಲಿ. ಕಾನೂನಿನ ಕರಡು ಭಾಲ್ಕಿಯ ರೈತನಿಗೂ ಔರಾದದ ತಾಂಡಾದವನಿಗೂ ತಿಳಿಯುವ ಭಾಷೆಯಲ್ಲಿ, ಉತ್ತರ ಕೊಡಲು ಅವಕಾಶವಿರುವಾಗಲೇ ತಲುಪಲಿ. ಅದರೊಡನೆ ರೈತರೂ ಸಂಘಟಿತರಾಗಿ, ತಮ್ಮ ಲೆಕ್ಕವನ್ನು ತಾವೇ ಬರೆದು, ಸರ್ಕಾರದ ಮುಂದಿಡುವುದನ್ನು ಕಲಿಯಬೇಕು. ಧನಿಕನ ಬಾಯಿ ಮುಚ್ಚಿಸುವುದು ಯಾವ ಕಾಯಿದೆಯಿಂದಲೂ ಆಗದು. ಆತನ ಮಾತು ಬಡವನಿಗೂ ಕೇಳಿಸುವಂತೆ ಮಾಡುವುದು ಆಗತಕ್ಕ ಕೆಲಸ, ಅದನ್ನು ಇನ್ನು ತಡಮಾಡಕೂಡದು.