ಕೈಗೆ ಬರುವ ದುಡ್ಡು, ಬರುವ ತಾರೀಖು

2023ರ ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ದೊರೆಯಿತು. ಅದರ ಹಿಂದಿನ ದಿನ ಮುಖ್ಯಮಂತ್ರಿ, ಉಪಮುಖ್ಯಮಂತ್ರಿಗಳು ಚಾಮುಂಡಿಬೆಟ್ಟ ಹತ್ತಿ ಮೊದಲ ಕಂತನ್ನು ದೇವಿಗೆ ಅರ್ಪಿಸಿ ಬಂದಿದ್ದರು. ರಾಜ್ಯದ ಸುಮಾರು 1 ಕೋಟಿ 10 ಲಕ್ಷ ಮನೆಯೊಡತಿಯರ ಬ್ಯಾಂಕ್ ಖಾತೆಗೆ ತಿಂಗಳಿಗೆ 2,000 ರೂಪಾಯಿ ನೇರವಾಗಿ ಜಮಾ ಮಾಡುವ ಯೋಜನೆ ಇದು. ಅಂದಿನಿಂದ ಮೈಸೂರು ಸುತ್ತಿನ ಹಳ್ಳಿಗಳಲ್ಲಿ ‘ಮಳೆ ಹುಯ್ತಾ?’ ಎಂಬ ಪ್ರಶ್ನೆಯ ಜೊತೆಗೆ ‘ದುಡ್ಡು ಬಿತ್ತಾ?’ ಎಂಬ ಪ್ರಶ್ನೆಯೂ ಸೇರಿಕೊಂಡಿತು. ಎರಡಕ್ಕೂ ಉತ್ತರ ಹೇಳುವುದು ಕೆಲವೊಮ್ಮೆ ಅಷ್ಟೇ ಕಷ್ಟ ಎಂಬುದು ಆಮೇಲೆ ತಿಳಿಯಿತು.

ಈ ಯೋಜನೆಯ ಪರವಾಗಿ ಮತ್ತು ವಿರುದ್ಧವಾಗಿ ನಡೆದ ಚರ್ಚೆಯೆಲ್ಲ ಬಹುಪಾಲು ಮೊತ್ತವನ್ನು ಕುರಿತದ್ದು. ಎರಡು ಸಾವಿರ ಹೆಚ್ಚೋ ಕಡಿಮೆಯೋ, ಬೊಕ್ಕಸ ತಡೆದೀತೋ ಇಲ್ಲವೋ ಎಂಬುದೇ ವಾದ. ಆದರೆ ಬಡ ಸಂಸಾರವೊಂದರ ಬದುಕಿನಲ್ಲಿ ಈ ಹಣ ಏನು ಮಾಡುತ್ತದೆ ಎಂಬುದನ್ನು ಮೊತ್ತವೊಂದೇ ನಿರ್ಧರಿಸುವುದಿಲ್ಲ. ದುಡ್ಡು ಯಾರ ಹೆಸರಿಗೆ ಬರುತ್ತದೆ, ಅದನ್ನು ಹಿಡಿದು ಹೋದರೆ ಊರಿನ ಅಂಗಡಿಯಲ್ಲಿ ಏನು ಸಿಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಯಾವ ತಾರೀಖಿಗೆ ಬರುತ್ತದೆ ಎಂಬುದರ ಮೇಲೆ ಫಲ ನಿಂತಿದೆ.

ಕಷ್ಟದಲ್ಲಿರುವವರ ಕೈಗೆ ಕಾಸು ಕೊಡುವುದು ಮೈಸೂರು ಸೀಮೆಗೆ ಹೊಸದೇನಲ್ಲ. 1876ರಿಂದ 1878ರವರೆಗೆ ಈ ಸೀಮೆಯನ್ನು ಹಿಂಡಿದ ‘ಧಾತು ಈಶ್ವರ’ ಬರದಲ್ಲಿ ಗಂಜಿ ಕೇಂದ್ರಗಳು ತೆರೆದವು, ಕಾಮಗಾರಿಗಳಲ್ಲಿ ಕೂಲಿ ಕೊಡಲಾಯಿತು. 1877ರಲ್ಲಿ ಲಂಡನ್ನಿನ ಮೇಯರರು ಆರಂಭಿಸಿದ ಚಂದಾ ನಿಧಿಯಿಂದ ರೈತರಿಗೆ ಎತ್ತು, ಬಿತ್ತನೆ ಬೀಜ, ಬಿದ್ದ ಮನೆಯ ದುರಸ್ತಿಗೆಂದು ನಗದು ಹಣವನ್ನೂ ಹಂಚಲಾಯಿತು. ಆದರೆ ಅಷ್ಟರಲ್ಲಿ ಆಗಬಾರದ್ದು ಆಗಿ ಹೋಗಿತ್ತು. 1871ರ ಖಾನೇಷುಮಾರಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಆ ಬರದ ಒಂದು ಕಷ್ಟ ಇಂದಿನ ಓದುಗರಿಗೆ ಸುಲಭವಾಗಿ ಹೊಳೆಯುವುದಿಲ್ಲ. ರೈಲು ಆಗ ಬೆಂಗಳೂರಿಗೇ ನಿಂತಿತ್ತು. ಅಲ್ಲಿಂದ ಮುಂದೆ ಧಾನ್ಯ ಗಾಡಿಯ ಮೇಲೆ ಬರಬೇಕು. ಗಾಡಿ ಎಳೆಯುವ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಇಂಥ ಕಡೆ ಕಾಸು ಕೈಗಿಟ್ಟರೆ ಇದ್ದ ಅಷ್ಟಿಷ್ಟು ರಾಗಿಯ ಬೆಲೆ ಏರುವುದಷ್ಟೇ. ಬೆಂಗಳೂರು–ಮೈಸೂರು ರೈಲುಮಾರ್ಗದ ಕೆಲಸ ಆರಂಭವಾದದ್ದು ಬರ ಪರಿಹಾರ ಕಾಮಗಾರಿಯಾಗಿಯೇ. 1882ರಲ್ಲಿ ರೈಲು ಮೈಸೂರು ತಲುಪಿತು. ಬರಗಾಲದಲ್ಲಿ ಜನ ಸಾಯುವುದು ಆಹಾರ ಇಲ್ಲವೆಂದಷ್ಟೇ ಅಲ್ಲ, ಅದನ್ನು ಪಡೆಯುವ ಶಕ್ತಿ ಇಲ್ಲವೆಂದು ಎಂಬ ವಿಚಾರವನ್ನು ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಮಂಡಿಸಿದರು. ಕೈಯಲ್ಲಿ ದುಡ್ಡಿದ್ದರೆ ವ್ಯಾಪಾರಿ ತಾನಾಗಿ ಧಾನ್ಯ ತರುತ್ತಾನೆ ಎಂಬುದು ನಿಜ; ಅವನು ತರಲು ದಾರಿಯೊಂದಿರಬೇಕು, ಅಷ್ಟೆ.

ಸ್ವಾತಂತ್ರ್ಯಾನಂತರ ನಗದು ಎಂದರೆ ಬಹುಕಾಲ ಪಿಂಚಣಿ, ಪಿಂಚಣಿ ಎಂದರೆ ಅಂಚೆಯಣ್ಣ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೃದ್ಧಾಪ್ಯ ವೇತನ ಆರಂಭಿಸಿದಾಗ ಅದರ ಪಾಲು ತಿಂಗಳಿಗೆ 75 ರೂಪಾಯಿ. 2007ರ ಹೊತ್ತಿಗೆ ಅದು 200 ಆಯಿತು, ಅಲ್ಲಿಯೇ ಬಹುಕಾಲ ನಿಂತಿತು. ಕರ್ನಾಟಕ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದಿತು. ಜಗಲಿಯ ಮೇಲೆ ಕೂತ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಮನಿಯಾರ್ಡರು ಕೊಡುವ ಪದ್ಧತಿಯಲ್ಲಿ ಸೋರಿಕೆ ಇತ್ತು, ‘ಕಾಫಿಗೆ’ ಎಂದು ಹತ್ತಿಪ್ಪತ್ತು ರೂಪಾಯಿ ಕಡಿತವಾಗುವುದೂ ಇತ್ತು. ಆದರೆ ದುಡ್ಡು ಮನೆಬಾಗಿಲಿಗೆ ಬರುತ್ತಿತ್ತು, ತಂದವನ ಮುಖ ಪರಿಚಯವಿತ್ತು, ಬರದಿದ್ದರೆ ಯಾರನ್ನು ಕೇಳಬೇಕೆಂದು ಗೊತ್ತಿತ್ತು. ಹೊಸ ವ್ಯವಸ್ಥೆಯನ್ನು ಹೊಗಳುವಾಗ ಈ ಮೂರನ್ನು ಮರೆಯುವುದು ಸರಿಯಲ್ಲ.

ಆ ಹೊಸ ವ್ಯವಸ್ಥೆಯ ಪ್ರಯೋಗ ನಡೆದ ಮೊದಲ ಜಿಲ್ಲೆಗಳಲ್ಲಿ ಮೈಸೂರೂ ಒಂದು. 2013ರಲ್ಲಿ ಕೇಂದ್ರ ಸರ್ಕಾರ ಆಧಾರ್ ಮೂಲಕ ಸಹಾಯಧನವನ್ನು ನೇರ ಖಾತೆಗೆ ಕಳಿಸಲು ಹೊರಟಾಗ ಆರಿಸಿಕೊಂಡ ಜಿಲ್ಲೆಗಳ ಪಟ್ಟಿಯಲ್ಲಿ ತುಮಕೂರು, ಧಾರವಾಡಗಳ ಜೊತೆ ಮೈಸೂರಿನ ಹೆಸರಿತ್ತು. ಅಡುಗೆ ಅನಿಲದ ಸಬ್ಸಿಡಿ ಆ ವರ್ಷವೇ ಈ ದಾರಿ ಹಿಡಿಯಿತು, 2014ರ ಆರಂಭದಲ್ಲಿ ನಿಂತಿತು, 2015ರ ಜನವರಿಯಿಂದ ದೇಶವ್ಯಾಪಿಯಾಯಿತು. ಆಧಾರ್ ಜೋಡಣೆಗಾಗಿ ಬ್ಯಾಂಕಿನ ಮುಂದೆ ನಿಲ್ಲುವ ಅಭ್ಯಾಸ ಈ ಜಿಲ್ಲೆಯ ಜನಕ್ಕೆ ಆಗಲೇ ಆಗಿತ್ತು.

ಅಕ್ಕಿ ಮೇಲೋ ಹಣ ಮೇಲೋ ಎಂಬ ಹಳೆಯ ಪ್ರಶ್ನೆಗೆ ಕರ್ನಾಟಕ ಯಾವ ಉದ್ದೇಶವೂ ಇಲ್ಲದೆ ದೊಡ್ಡ ಪ್ರಯೋಗವೊಂದನ್ನೇ ನಡೆಸಿತೆನ್ನಬೇಕು. 2023ರಲ್ಲಿ ಅನ್ನಭಾಗ್ಯದಡಿ ತಲಾ ಐದು ಕೆ.ಜಿ. ಹೆಚ್ಚುವರಿ ಅಕ್ಕಿ ಕೊಡಲು ಸರ್ಕಾರ ಹೊರಟಿತು. ಆಹಾರ ನಿಗಮದಿಂದ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ಆ ಜೂನ್ ತಿಂಗಳಲ್ಲಿ ನಿಲ್ಲಿಸಿತು. ಅಕ್ಕಿ ಸಿಗದೆ, ಕೆ.ಜಿ.ಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ಜುಲೈನಿಂದ ಖಾತೆಗೆ ಹಾಕಲಾಯಿತು. 2025ರ ಆರಂಭದಲ್ಲಿ ಕೇಂದ್ರ ಕೆ.ಜಿ.ಗೆ 22 ರೂಪಾಯಿ 50 ಪೈಸೆಯಂತೆ ಅಕ್ಕಿ ಕೊಡಲು ಮುಂದಾದಾಗ, ಫೆಬ್ರವರಿಯಿಂದ ಹಣ ನಿಂತು ಅಕ್ಕಿಯೇ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ಸಚಿವ ಸಂಪುಟ ತೀರ್ಮಾನಿಸಿತು. ಎರಡೂವರೆ ವರ್ಷದಲ್ಲಿ ಅಕ್ಕಿಯ ಮಾತು ಹಣವಾಗಿ, ಹಣ ಅಕ್ಕಿಯಾಗಿ, ಅಕ್ಕಿ ಬೇಳೆಯಾಗುವ ಹಂತಕ್ಕೆ ಬಂತು.

ಇದರಲ್ಲಿ ನಗೆ ಬರುವ ಸಂಗತಿಯ ಜೊತೆಗೆ ತಿಳಿಯಬೇಕಾದ್ದೂ ಇದೆ. ಸರ್ಕಾರಕ್ಕೆ 34 ರೂಪಾಯಿಯೂ ಒಂದು ಕೆ.ಜಿ. ಅಕ್ಕಿಯೂ ಒಂದೇ ಲೆಕ್ಕ. ಹಳ್ಳಿಯ ಅಂಗಡಿಯಲ್ಲಿ ಅವೆರಡೂ ಒಂದಲ್ಲ. ಆ ಬೆಲೆಗೆ ಒಳ್ಳೆಯ ಅಕ್ಕಿ ಸಿಗುತ್ತಿರಲಿಲ್ಲ. ಬೆಲೆ ಏರಿದರೆ ಅಕ್ಕಿಯ ಚೀಲ ಚಿಕ್ಕದಾಗುವುದಿಲ್ಲ, 170 ರೂಪಾಯಿ ಮಾತ್ರ ಚಿಕ್ಕದಾಗುತ್ತದೆ. ಇನ್ನೊಂದು ಕಡೆ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಮುದ್ದೆ ಉಣ್ಣುವ ಮನೆಗೆ ಹತ್ತು ಕೆ.ಜಿ. ಅಕ್ಕಿ ಏತಕ್ಕೆ? ಮಿಕ್ಕದ್ದು ಕಡಿಮೆ ಬೆಲೆಗೆ ಅಂಗಡಿಯವನ ಪಾಲಾಗುತ್ತದೆ. ದುಡ್ಡಾದರೆ ಮೊಟ್ಟೆಯೋ ಮಗುವಿನ ಔಷಧಿಯೋ ಆದೀತು. ಪುದುಚೇರಿ 2015ರಲ್ಲಿ ಪಡಿತರದ ಬದಲು ಹಣ ಕೊಡಲು ಶುರುಮಾಡಿ, 2024ರಲ್ಲಿ ಮತ್ತೆ ಪಡಿತರ ಅಂಗಡಿಗಳನ್ನು ತೆರೆಯಿತು. ಅಂದರೆ ಈ ಪ್ರಶ್ನೆಗೆ ಎಲ್ಲ ಊರಿಗೂ ಹೊಂದುವ ಒಂದೇ ಉತ್ತರವಿಲ್ಲ. ಸಂತೆ ಹತ್ತಿರವಿದ್ದವರಿಗೆ ಹಣ, ದೂರವಿದ್ದವರಿಗೆ ಧಾನ್ಯ ಎಂಬುದು ಒರಟಾದರೂ ಕೆಲಸಕ್ಕೆ ಬರುವ ಲೆಕ್ಕ.

ಹೆಸರಿನ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಪಡಿತರ ಚೀಟಿಯಲ್ಲಿ ಹದಿನೆಂಟು ವರ್ಷ ತುಂಬಿದ ಹಿರಿಯ ಹೆಣ್ಣುಮಗಳನ್ನೇ ಮನೆಯ ಯಜಮಾನಿ ಎಂದು ಕಾಣಿಸಬೇಕೆಂದು ವಿಧಿಸಿತ್ತು. ಹತ್ತು ವರ್ಷ ಅದು ಬರೀ ಕಾಗದದ ಯಜಮಾನಿಕೆಯಾಗಿತ್ತು. ಗೃಹಲಕ್ಷ್ಮಿ ಅದಕ್ಕೆ ಎರಡು ಸಾವಿರದ ತೂಕ ಕೊಟ್ಟಿತು. ದುಡ್ಡು ಅತ್ತೆಗೋ ಸೊಸೆಗೋ ಎಂಬ ಜಗಳ ಯೋಜನೆ ಜಾರಿಗೆ ಮುನ್ನವೇ ಹುಟ್ಟಿತು, ಚೀಟಿ ಬೇರೆ ಮಾಡಿಸಿಕೊಳ್ಳಲು ಓಡಾಡಿದವರೂ ಇದ್ದಾರೆ. ಇದನ್ನು ಹಾಸ್ಯ ಮಾಡಿದವರು ಬಹಳ. ಆದರೆ ಮನೆಯಲ್ಲಿ ಯಜಮಾನಿ ಯಾರು ಎಂಬುದು ಜಗಳವಾಡುವಷ್ಟು ದೊಡ್ಡ ವಿಷಯವಾದದ್ದೇ ಒಂದು ಬದಲಾವಣೆ. ಗಂಡನ ಮುಂದೆ ಕೈಯೊಡ್ಡದೆ ಮಗಳಿಗೆ ನೋಟ್‌ಬುಕ್ಕು ಕೊಳ್ಳುವುದಕ್ಕೂ, ಕೇಳಿ ಪಡೆದು ಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ಹೆಂಗಸರಿಗೆ ಯಾರೂ ವಿವರಿಸಬೇಕಾಗಿಲ್ಲ. 1997ರಲ್ಲಿ ಮೆಕ್ಸಿಕೊ ದೇಶ ಬಡ ಕುಟುಂಬಗಳಿಗೆ ನಗದು ಕೊಡಲು ಹೊರಟಾಗಲೂ ಹಣವನ್ನು ತಾಯಂದಿರ ಕೈಗೇ ಕೊಟ್ಟಿತು. ಅಲ್ಲಿ ಮಕ್ಕಳು ಶಾಲೆಗೆ ಹೋಗಬೇಕು, ಆರೋಗ್ಯ ತಪಾಸಣೆ ಮಾಡಿಸಬೇಕು ಎಂಬ ಷರತ್ತಿತ್ತು; ಇಲ್ಲಿ ಇಲ್ಲ.

ಕೊಟ್ಟ ದುಡ್ಡೆಲ್ಲ ಹೆಂಡದಂಗಡಿಗೆ ಹೋಗುತ್ತದೆ ಎಂಬುದು ಪಟ್ಟಣದ ಪಡಸಾಲೆಗಳಲ್ಲಿ ಬಹಳ ಕೇಳಿಬರುವ ಮಾತು. 2011–12ರಲ್ಲಿ ‘ಸೇವಾ’ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ ಯಾವ ಷರತ್ತೂ ಇಲ್ಲದೆ ಪ್ರತಿಯೊಬ್ಬರಿಗೂ ತಿಂಗಳು ತಿಂಗಳು ಹಣ ಕೊಟ್ಟು, ಹಣ ಸಿಗದ ಹನ್ನೆರಡು ಹಳ್ಳಿಗಳ ಜೊತೆ ಹೋಲಿಸಿ ನೋಡಿದರು. ಕುಡಿತ ಹೆಚ್ಚಿದ್ದು ಕಂಡುಬರಲಿಲ್ಲ. ಆಹಾರ, ಬೀಜ, ಆಡು ಕೋಳಿಗಳಿಗೆ ಖರ್ಚು ಹೆಚ್ಚಿತ್ತು. ಕೀನ್ಯಾ ದೇಶದ ಹಳ್ಳಿಗಳಲ್ಲಿ ನಡೆದ ಅಧ್ಯಯನವೂ ಇದನ್ನೇ ಹೇಳಿತು. ಜನ ಸೋಮಾರಿಗಳಾಗುತ್ತಾರೆ ಎಂಬ ಆಕ್ಷೇಪಕ್ಕೆ ಒಂದು ಸಣ್ಣ ಲೆಕ್ಕ ಸಾಕು: 2023–24ರಲ್ಲಿ ಕರ್ನಾಟಕದ ಉದ್ಯೋಗ ಖಾತರಿಯ ದಿನಗೂಲಿ 316 ರೂಪಾಯಿ. ಎರಡು ಸಾವಿರವೆಂದರೆ ಆರು ದಿನದ ಕೂಲಿಗಿಂತ ತುಸು ಹೆಚ್ಚು. ಮಿಕ್ಕ ಇಪ್ಪತ್ತನಾಲ್ಕು ದಿನ ಯಾರೂ ಕೂತು ಉಣ್ಣಲಾರರು.

ಕೀನ್ಯಾದ ಅಧ್ಯಯನದಲ್ಲಿ ಇನ್ನೊಂದು ಅಂಶ ಬಂತು. ನಮ್ಮ ಪಾಲಿಗೆ ಅದು ಹೆಚ್ಚು ಮುಖ್ಯವಾದುದು. ಕೆಲವರಿಗೆ ಹಣವನ್ನು ತಿಂಗಳಿಗಿಷ್ಟೆಂದು, ಕೆಲವರಿಗೆ ಇಡಿಗಂಟಾಗಿ ಕೊಡಲಾಗಿತ್ತು. ತಿಂಗಳು ತಿಂಗಳು ಪಡೆದವರ ಮನೆಯಲ್ಲಿ ಊಟ ಸುಧಾರಿಸಿತು. ಇಡಿಗಂಟು ಪಡೆದವರು ಮನೆಗೆ ಬೇಕಾದ ಬಾಳಿಕೆಯ ವಸ್ತು ಕೊಂಡರು. ಹಣ ಅದೇ, ಬಂದ ಬಗೆ ಬೇರೆ, ಫಲವೂ ಬೇರೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಗೃಹಲಕ್ಷ್ಮಿಯ ಹಣದಲ್ಲಿ ಫ್ರಿಜ್ಜು ಕೊಂಡ, ಹೊಲಿಗೆ ಯಂತ್ರ ತಂದ, ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ ಸುದ್ದಿಗಳನ್ನು ಓದಬೇಕು. ಅವುಗಳಲ್ಲಿ ಸುಳ್ಳಿಲ್ಲ. ಕಂತುಗಳನ್ನು ಮುಟ್ಟದೆ ಕೂಡಿಟ್ಟು ಕೊಂಡವರೂ ಉಂಟು. ಆದರೆ ಎರಡು ಮೂರು ತಿಂಗಳದು ಒಟ್ಟಿಗೆ ಬಿದ್ದಾಗ ಅದು ತಾನಾಗಿಯೇ ಇಡಿಗಂಟಾಗುತ್ತದೆ. ನಡುವಿನ ಖಾಲಿ ತಿಂಗಳುಗಳ ಅಕ್ಕಿಬೇಳೆಗೆ ಅಂಗಡಿಯಲ್ಲಿ ಸಾಲ ಬರೆಸಿದ್ದಾಗಿರುತ್ತದೆ. ಫ್ರಿಜ್ಜಿನ ಫೋಟೊ ಪತ್ರಿಕೆಗೆ ಬರುತ್ತದೆ, ಅಂಗಡಿಯ ಸಾಲದ ಪುಸ್ತಕ ಬರುವುದಿಲ್ಲ. 2025ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಕಂತುಗಳು ತಲುಪದ ವಿಷಯ ಆ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಗದ್ದಲ ಎಬ್ಬಿಸಿತು. 2024–25ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ತೆಗೆದಿರಿಸಿದ್ದು ಸುಮಾರು 52 ಸಾವಿರ ಕೋಟಿ, ಅದರಲ್ಲಿ ಗೃಹಲಕ್ಷ್ಮಿಯ ಪಾಲು 28,608 ಕೋಟಿ. ಇಷ್ಟು ದೊಡ್ಡ ಹೊರೆ ಹೊತ್ತ ಸರ್ಕಾರಕ್ಕೆ ಎರಡು ತಿಂಗಳ ತಡ ಸಣ್ಣದಾಗಿ ಕಾಣಬಹುದು.

ಹಳ್ಳಿಯಲ್ಲಿ ಅದು ಏಕೆ ಸಣ್ಣದಲ್ಲ ಎಂಬುದನ್ನು 2025ರ ಜನವರಿಯ ದಿನಗಳು ತೋರಿಸಿದವು. ನಂಜನಗೂಡು ತಾಲ್ಲೂಕಿನಲ್ಲಿ, ಚಾಮರಾಜನಗರ ಜಿಲ್ಲೆಯಲ್ಲಿ ಮೈಕ್ರೊ ಫೈನಾನ್ಸಿನವರ ಕಾಟ ತಾಳದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ರಾಜ್ಯದ ಹಲವೆಡೆ ಪ್ರಾಣ ಕಳೆದುಕೊಂಡವರೂ ಇದ್ದರು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ ವಿಧಿಸಿತು. ಸಂಘದ ಸಾಲಕ್ಕೆ ವಾರ ತಪ್ಪುವುದಿಲ್ಲ. ಮಂಗಳವಾರದ ಕಂತು ಮಂಗಳವಾರವೇ ಕಟ್ಟಬೇಕು; ಒಬ್ಬಳು ತಪ್ಪಿದರೆ ಗುಂಪಿನ ಮಿಕ್ಕವರೆಲ್ಲ ಅವಳ ಮನೆ ಮುಂದೆ ಕೂರುತ್ತಾರೆ. ಸರ್ಕಾರದ ಎರಡು ಸಾವಿರವನ್ನು ನೆಚ್ಚಿ ಸಾಲ ಮಾಡಿದವಳಿಗೆ ಹಣ ತಿಂಗಳ ಒಂದನೇ ತಾರೀಖೇ ಬಂದರೆ ಅದು ಸಂಬಳ. ಯಾವಾಗಲೋ ಬಂದರೆ ಲಾಟರಿ. ಸಂಬಳದ ಮೇಲೆ ಬದುಕು ಕಟ್ಟಬಹುದು, ಲಾಟರಿಯ ಮೇಲೆ ಆಗದು.

ತಾರೀಖು ತಪ್ಪಿದಾಗ ಕೇಳುವುದು ಯಾರನ್ನು? ಅಂಚೆಯಣ್ಣನಿಲ್ಲ. ಬ್ಯಾಂಕಿನವರು ಆಧಾರ್ ಜೋಡಣೆ ಸರಿಯಿಲ್ಲ ಎನ್ನುತ್ತಾರೆ, ಅಂಗನವಾಡಿಯ ಕಾರ್ಯಕರ್ತೆ ತಾಲ್ಲೂಕು ಕಚೇರಿ ತೋರಿಸುತ್ತಾರೆ, ಅಲ್ಲಿಯವರು ಸರ್ವರ್ ಕಡೆ ಬೆರಳು ಮಾಡುತ್ತಾರೆ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯಿಂದ ಬ್ಯಾಂಕಿಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಬಸ್ಸಿನ ಚಾರ್ಜು ಮಾತ್ರ ಉಳಿಯುತ್ತದೆ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ. ಒಂದು ಯೋಜನೆಯ ಕೊರತೆಯನ್ನು ಇನ್ನೊಂದು ಯೋಜನೆ ತುಂಬಿಕೊಡುವ ಈ ನೆಂಟಸ್ತಿಕೆಯನ್ನು ಯೋಜನೆ ರೂಪಿಸಿದವರು ಊಹಿಸಿರಲಾರರು.

2025ರಲ್ಲಿ ಸರ್ಕಾರ ಗೃಹಲಕ್ಷ್ಮಿ ಫಲಾನುಭವಿಗಳದ್ದೇ ಒಂದು ಸಹಕಾರ ಸಂಘ ಕಟ್ಟಿ, ಅವರಿಗೆ ಕಡಿಮೆ ಬಡ್ಡಿಯ ಸಾಲ ಕೊಡಲು ಹೊರಟಿತು. ಮೈಕ್ರೊ ಫೈನಾನ್ಸಿನ ಬಾಗಿಲಿಗೆ ಹೋಗುವುದನ್ನು ತಪ್ಪಿಸುವುದು ಇದರ ಆಶಯ. ಆ ಸಾಲಕ್ಕೂ ಕಂತಿನ ತಾರೀಖು ಇರುತ್ತದೆ. ಎರಡು ಸಾವಿರ ಬೀಳುವ ತಾರೀಖು ಅದಕ್ಕಿಂತ ಮುಂಚೆ ಇರುತ್ತದೋ ಆಮೇಲೆ ಇರುತ್ತದೋ ಎಂಬುದನ್ನು ಸಂಘದ ಬೈಲಾ ಬರೆಯುವವರು ನಿಗದಿ ಮಾಡಲಾರರು. ಅದು ವಿಧಾನಸೌಧದ ಹಣಕಾಸು ಇಲಾಖೆಯಲ್ಲಿ ಆಗಬೇಕಾದ ಕೆಲಸ.