ಗೊತ್ತಿರುವ ಪದ, ಗೊತ್ತಿಲ್ಲದ ಅರ್ಥ

ಸ್ತ್ರೀಶಿಕ್ಷಣವನ್ನು ಕುರಿತ ಬರಹಗಳನ್ನು ಓದುವಾಗ ಅಪರಿಚಿತ ಪದ ಎದುರಾದರೆ ನಿಘಂಟು ಇದ್ದೇ ಇದೆ. ಪರಿಚಿತವೆಂದು ತೋರುವ ಪದವೇ ಹೆಚ್ಚು ವಂಚಿಸುತ್ತದೆ. ‘ಲಿಂಗ ತಾರತಮ್ಯ’ವನ್ನೇ ನೋಡಿ. ಮರಾಠಿ, ಕನ್ನಡಗಳೆರಡನ್ನೂ ಶಾಲೆಯಲ್ಲಿ ಕಲಿತ ನನಗೆ ಈ ಪದಪುಂಜ ಮೊದಲ ಓದಿಗೆ ಅರ್ಥವಾಗಲಿಲ್ಲ. ಮರಾಠಿಯಲ್ಲಿ ತಾರತಮ್ಯವೆಂದರೆ ವಿವೇಕ, ಹದವರಿತ ನಡೆ, ಅದೊಂದು ಗುಣ. ಕನ್ನಡದಲ್ಲಿ ಅದೇ ದೋಷ! ಸಂಸ್ಕೃತದ ‘ತರ’, ‘ತಮ’ ಪ್ರತ್ಯಯಗಳಿಂದ ಹುಟ್ಟಿದ ಈ ಪದದ ಮೂಲಾರ್ಥ ಹೆಚ್ಚು ಕಡಿಮೆಗಳ ಶ್ರೇಣಿ. ಅದನ್ನು ಅರಿತು ನಡೆಯುವುದು ಮರಾಠಿಯ ಅರ್ಥವಾಯಿತು. ಅದರಲ್ಲಿ ಒಬ್ಬರನ್ನು ಕೆಳಗಿರಿಸುವುದು ಕನ್ನಡದ ಅರ್ಥವಾಯಿತು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸದಿರುವುದನ್ನೇ ವಿವೇಕವೆಂದು ಬಗೆದಿದ್ದ ಕಾಲದಲ್ಲಿ, 1848ರಲ್ಲಿ, ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು ಪುಣೆಯಲ್ಲಿ ಬಾಲಿಕೆಯರ ಶಾಲೆ ತೆರೆದರು. ಅವರಿಗೆ ಎದುರಾದ ತಾರತಮ್ಯ ಯಾವ ಅರ್ಥದ್ದೆಂದು ಆ ಚರಿತ್ರೆಯನ್ನು ಓದಿದ ಮೇಲೆ ನನಗೆ ಹೊಳೆಯಿತು. ಮರಾಠಿಯಲ್ಲಿ ಅದಕ್ಕೆ ‘ಭೇದಭಾವ’ ಎನ್ನುತ್ತಾರೆ.

ನೆರೆಭಾಷೆ ನನ್ನನ್ನು ದಾರಿ ತಪ್ಪಿಸಿತು. ಹೊಸೂರು, ಕೃಷ್ಣಗಿರಿಯ ನಿಮಗೆ ಅದು ನೆರವೂ ಆದೀತು. ತಮಿಳು ಪತ್ರಿಕೆಯಲ್ಲಿ ‘ಪೆಣ್ ಕಲ್ವಿ’ ಎಂದು ಕಂಡರೆ ನಿಮ್ಮ ಹಳಗನ್ನಡ ಪಠ್ಯವನ್ನು ನೆನೆಯಿರಿ: ಹೆಣ್ಣಿಗೆ ಅಲ್ಲಿಯೂ ‘ಪೆಣ್’ ಎಂದೇ ಇದೆ. ‘ಕಲ್ವಿ’ ನಮ್ಮ ‘ಕಲಿ’ ಧಾತುವಿನ ಬಂಧು. ಸರ್ಕಾರಿ ಶಾಲೆಗಳಲ್ಲಿ ಓದಿ ಕಾಲೇಜಿಗೆ ಬಂದ ವಿದ್ಯಾರ್ಥಿನಿಯರಿಗೆ ತಿಂಗಳಿಗೆ 1000 ರೂಪಾಯಿ ನೀಡುವ, 2022ರಲ್ಲಿ ಆರಂಭವಾದ ತಮಿಳುನಾಡಿನ ಯೋಜನೆಯ ಹೆಸರು ‘ಪುದುಮೈ ಪೆಣ್’. ಆ ಅರ್ಜಿಯನ್ನು ತುಂಬಿದವರು ನಿಮ್ಮಲ್ಲಿಯೂ ಇರಬಹುದು. ಅದರ ‘ಪುದು’ ಹಳಗನ್ನಡದ ‘ಪೊಸ’ದ ಸೋದರಪದ, ಆ ‘ಪೊಸ’ವೇ ‘ಹೊಸ’ವಾಗಿ ನಮ್ಮ ಹೊಸೂರಿನ ಹೆಸರಿನಲ್ಲಿಯೂ ಕುಳಿತಿದೆ.